ಕಾರಲ್ಲಿ ಏನೂ ಸಿಗಲ್ಲ ಎನ್ನುವ ಶೋರೂಂ: ಹಾಸನದಲ್ಲಿ ಮಾಡಿದ ಒಂದು ಖರೀದಿಯ ಲೆಕ್ಕ

ಹಾಸನದ ಬಿ.ಎಂ. ರಸ್ತೆಯಲ್ಲಿರುವ ಶೋರೂಂ ಒಂದರಲ್ಲಿ ಕಳೆದ ಡಿಸೆಂಬರ್ ಕೊನೆಯ ವಾರ ನಾನೊಂದು ಸಣ್ಣ ಪೆಟ್ರೋಲ್ ಕಾರು ಕೊಂಡೆ. ಕಾರಿನ ಗುಣದೋಷಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಬರೆಯುತ್ತಿರುವುದು ಕಾರು ಮಾರಿದ ಶೋರೂಮಿನ ಬಗ್ಗೆ: ಅಲ್ಲಿ ನನಗೆ ದೊರೆತ ಸೇವೆ, ಕೇಳಿದ ಹಣ, ಕೊನೆಗೆ ಕೊಟ್ಟ ಹಣ ಮತ್ತು ಇವೆರಡರ ನಡುವಿನ ವ್ಯತ್ಯಾಸ ಎಲ್ಲಿಂದ ಬಂತು ಎಂಬುದರ ಬಗ್ಗೆ. ಶೋರೂಮಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅದೇ ರಸ್ತೆಯ ಇನ್ನೆರಡು ಶೋರೂಮುಗಳಿಂದಲೂ ಕೊಟೇಶನ್ ತಂದಿದ್ದೆ. ಮೂರರಲ್ಲೂ ಕಾಗದದ ಬಣ್ಣ ಬೇರೆ, ಲೆಕ್ಕದ ರೀತಿ ಒಂದೇ ಆಗಿತ್ತು. ನಾನು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವನಾದ್ದರಿಂದ, ಬೇರೆಯವರು ಹೊಸ ಕಾರಿನ ಸ್ಟೀರಿಂಗ್ ಸವರುವ ಹೊತ್ತಿನಲ್ಲಿ ಕೊಟೇಶನ್ನಿನ ಸಾಲುಗಳನ್ನು ಕೂಡಿ ಕಳೆಯುವ ಚಾಳಿ ನನಗಿದೆಯೆಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಜೊತೆಗೆ ಬಂದವರು ಸಕಲೇಶಪುರದ ನನ್ನ ಭಾವ. ಕಾಫಿ ಕೊಯ್ಲಿನ ಹೊತ್ತು. ತೋಟವನ್ನು ಮೇಸ್ತ್ರಿಗೆ ಒಪ್ಪಿಸಿ ಬಂದಿದ್ದ ಅವರಿಗೆ ಸಂಜೆಯೊಳಗೆ ವ್ಯಾಪಾರ ಮುಗಿಯಬೇಕಿತ್ತು. ನಮ್ಮನ್ನು ವಿಚಾರಿಸಿಕೊಂಡವನು ಆಲೂರು ಕಡೆಯ ಹುಡುಗ, ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನೀರು ಕೊಟ್ಟು ಕೂರಿಸಿ, ಟೆಸ್ಟ್ ಡ್ರೈವಿಗೆ ಕಾರು ತಂದು ನಿಲ್ಲಿಸಿ, ಬಾಗಿಲನ್ನು ತಾನೇ ತೆರೆದ. ಶಾಂತಿಗ್ರಾಮದ ಕಡೆಗೆ ಒಂದಿಷ್ಟು ದೂರ ಓಡಿಸಿಕೊಂಡು ಬಂದೆವು. ವಾಪಸ್ ಬಂದು ಕುಳಿತು ರಿಯಾಯಿತಿ ಕೇಳಿದಾಗ ಅವನು ಬಾಯಿಪಾಠದಂತೆ, ಆದರೆ ಮುಖದಲ್ಲಿ ನಿಜವಾದ ಸಂಕಟ ತೋರಿಸುತ್ತ ಹೇಳಿದ: "ಸಾರ್, ಕಾರಲ್ಲಿ ನಮಗೇನೂ ಸಿಗಲ್ಲ ಸಾರ್."

ಭಾವ ತಲೆಯೆತ್ತಿ ಚಾವಣಿಯ ದೀಪಗಳನ್ನೆಲ್ಲ ಒಮ್ಮೆ ನೋಡಿದರು. "ಏನೂ ಸಿಗದೆ ಹೋದ್ರೆ ಇಷ್ಟು ದೊಡ್ಡ ಗಾಜಿನ ಮನೆಗೆ ಕರೆಂಟ್ ಬಿಲ್ ಯಾರು ಕಟ್ತಾರೆ ಮಾರಾಯ?"

ಹುಡುಗ ನಕ್ಕು ಸುಮ್ಮನಾದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬುದು ನನಗೆ ಗೊತ್ತಾದದ್ದು ಮನೆಗೆ ಬಂದು ಕೊಟೇಶನ್ನನ್ನು ಬಿಡಿಸಿ ಕುಳಿತ ಮೇಲೆ.

ಆ ಹಾಳೆಯನ್ನು ಇದ್ದಂತೆಯೇ ಇಲ್ಲಿ ಹೇಳುತ್ತೇನೆ. ಎಕ್ಸ್-ಶೋರೂಂ ಬೆಲೆ (ನೋಂದಣಿ, ವಿಮೆ ಸೇರುವ ಮುಂಚಿನ ಬೆಲೆ) 8,50,000. ಜೀವಾವಧಿ ತೆರಿಗೆ 1,32,090. 'ರಿಜಿಸ್ಟ್ರೇಷನ್ ಮತ್ತು ಇತರೆ' ಎಂದು 8,500. ವಿಮೆ 38,400. ಫಾಸ್ಟ್ಯಾಗ್ 600. 'ಲಾಜಿಸ್ಟಿಕ್ಸ್' 6,500. 'ಬೇಸಿಕ್ ಕಿಟ್' 24,900. ಎಕ್ಸ್‌ಟೆಂಡೆಡ್ ವಾರಂಟಿ 14,800. ಒಟ್ಟು 10,75,790 ರೂಪಾಯಿ. ಎಲ್ಲ ಸಾಲುಗಳೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಕೆಳಗೊಂದು ಅಚ್ಚಾಗಿದ್ದವು. ಸರ್ಕಾರಕ್ಕೆ ಹೋಗುವ ಹಣ, ಕಾರು ತಯಾರಿಸಿದ ಕಂಪನಿಗೆ ಹೋಗುವ ಹಣ ಮತ್ತು ಶೋರೂಮಿನ ಗಲ್ಲಾಪೆಟ್ಟಿಗೆಗೆ ಬೀಳುವ ಹಣ ಒಂದೇ ಸಾಲಿನಲ್ಲಿ ಕೈಕಟ್ಟಿ ನಿಂತಾಗ, ಇದರಲ್ಲಿ ಯಾವುದನ್ನು ಕೊಡಲೇಬೇಕು, ಯಾವುದನ್ನು ಬೇಡವೆನ್ನಬಹುದು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ನನಗೂ ತಕ್ಷಣ ತಿಳಿಯಲಿಲ್ಲ.

ಮೊದಲ ಸಾಲಿನಿಂದಲೇ ಶುರು ಮಾಡೋಣ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಹಾಗಾಗಿ 8,50,000ದಲ್ಲಿ ತೆರಿಗೆಯನ್ನು ತೆಗೆದರೆ ಕಾರಿನ ಬೆಲೆ ಸುಮಾರು 7,20,000. ಭಾರತದಲ್ಲಿ ಹೊಸ ಕಾರಿನ ಮೇಲೆ ಡೀಲರಿಗೆ ಸಿಗುವ ಮಾರ್ಜಿನ್ ಕಂಪನಿ ಮತ್ತು ಮಾಡೆಲ್ ನೋಡಿಕೊಂಡು ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಏಳು ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಸಣ್ಣ ಕಾರಿಗೆ ನಾಲ್ಕೋ ಐದೋ ಎಂದಿಟ್ಟುಕೊಂಡರೆ 29 ಸಾವಿರದಿಂದ 36 ಸಾವಿರ ರೂಪಾಯಿಯಾಯಿತು. ನಮ್ಮೂರಿನ ಬಟ್ಟೆ ಅಂಗಡಿಯವರು ಮದುವೆ ಜವಳಿಯೊಂದರಲ್ಲೇ ಇದಕ್ಕಿಂತ ಹೆಚ್ಚು ನೋಡಿಯಾರು. ಹುಡುಗನ ಮಾತಿನಲ್ಲಿ ಸತ್ಯವಿದ್ದದ್ದು ಇಲ್ಲಿಯೇ.

ಆ 30 ಸಾವಿರವೂ ಪೂರ್ತಿಯಾಗಿ ಉಳಿಯುವುದಿಲ್ಲ. ಶೋರೂಮಿನ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತಿರುವ ಕಾರುಗಳು ಕಂಪನಿಯವು ಎಂದು ನಾನು ಇಷ್ಟು ವರ್ಷ ಭಾವಿಸಿದ್ದೆ. ಅವು ಡೀಲರ್ ಹಣ ಕೊಟ್ಟು, ಹೆಚ್ಚಿನ ಪಾಲು ಬ್ಯಾಂಕಿನ ಸಾಲ ಮಾಡಿ, ಜಿಎಸ್‌ಟಿ ಸಮೇತ ಮೊದಲೇ ಕೊಂಡ ಕಾರುಗಳು. ಎಂಟು ಲಕ್ಷ ರೂಪಾಯಿಯ ಕಾರಿಗೆ ಶೇ. 10ರ ಬಡ್ಡಿಯೆಂದರೆ ದಿನಕ್ಕೆ ಸುಮಾರು 219 ರೂಪಾಯಿ. ನಲವತ್ತೈದು ದಿನ ನಿಂತರೆ ಹತ್ತಿರ ಹತ್ತಿರ ಹತ್ತು ಸಾವಿರ. ಡೀಲರುಗಳ ಒಕ್ಕೂಟವಾದ ಫಾಡಾ 2024ರ ಹಬ್ಬದ ಹಂಗಾಮಿನಲ್ಲಿ, ದೇಶದ ಶೋರೂಮುಗಳಲ್ಲಿ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರುಗಳು ಮಾರಾಟವಾಗದೆ ನಿಂತಿವೆ ಎಂದು ಹೇಳಿತ್ತು. ಅಷ್ಟು ದಿನ ನಿಂತ ಕಾರಿನ ಮೇಲೆ, ಮಾರಿದವನಿಗೆ ಸಿಗಬೇಕಾದ ಮಾರ್ಜಿನ್ನಿನ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗಿರುತ್ತದೆ. ಕಟ್ಟಡದ ಬಾಡಿಗೆ, ಸಂಬಳ, ಟೆಸ್ಟ್ ಡ್ರೈವಿನ ಪೆಟ್ರೋಲು ಇವೆಲ್ಲ ಅದರ ಮೇಲೆ.

ಹಾಗಿದ್ದರೂ ತಿಂಗಳ ಕೊನೆಗೆ ರಿಯಾಯಿತಿ ಸಲೀಸಾಗಿ ಸಿಗುವುದು ಏಕೆ? ಕಂಪನಿ ಡೀಲರಿಗೆ ತಿಂಗಳಿಗಿಷ್ಟು, ಮೂರು ತಿಂಗಳಿಗಿಷ್ಟು ಎಂದು ಗುರಿ ಕೊಟ್ಟಿರುತ್ತದೆ. ಗುರಿ ಮುಟ್ಟಿದರೆ ಮಾರಿದ ಎಲ್ಲ ಕಾರುಗಳ ಮೇಲೂ ಬೋನಸ್ ಬರುವಂಥ ಯೋಜನೆಗಳಿರುತ್ತವೆ. ಆದ್ದರಿಂದ ಗುರಿಗೆ ಎರಡು ಕಾರು ಕಡಿಮೆ ಬಿದ್ದಿರುವಾಗ, ಆ ಎರಡನ್ನು ನಷ್ಟಕ್ಕೆ ಮಾರಿದರೂ ಒಟ್ಟಿನಲ್ಲಿ ಡೀಲರಿಗೆ ಲಾಭವೇ. ನಾವು ಹೋದದ್ದು ತಿಂಗಳ ಕೊನೆ, ಮೂರು ತಿಂಗಳ ಕೊನೆ, ವರ್ಷದ ಕೊನೆ ಎಲ್ಲವೂ ಒಟ್ಟಿಗೆ ಬಂದಿದ್ದ ವಾರ. ಅಂಗಳದ ಮೂಲೆಯಲ್ಲಿದ್ದ ಬಿಳಿ ಕಾರೊಂದರ ಮೇಲೆ ಧೂಳು ಎಷ್ಟು ಕೂತಿತ್ತೆಂದರೆ ಯಾರೋ ಅದರ ಹಿಂದಿನ ಗಾಜಿನ ಮೇಲೆ ಬೆರಳಿನಿಂದ ಒಂದು ಮೊಬೈಲ್ ನಂಬರ್ ಬರೆದಿಟ್ಟಿದ್ದರು. ಆ ನಂಬರಿನ ಮೇಲೂ ಮತ್ತೆ ಧೂಳು ಕೂತಿತ್ತು. ಮೊದಲು ನಮಗೆ ಅದನ್ನೇ ಒಪ್ಪಿಸಲು ನೋಡಿದರು. ತಯಾರಾದ ತಿಂಗಳು ಕೇಳಿದಾಗ 'ಇತ್ತೀಚಿನದೇ' ಎಂಬ ಉತ್ತರ ಬಂತು. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು ಮತ್ತು ವರ್ಷವನ್ನು ಬರೆಯಲೇಬೇಕಾಗಿರುವುದರಿಂದ, ಅದನ್ನು ಈಗಲೇ ಬರೆದು ತೋರಿಸಿ ಎಂದೆ. ಜೂನ್ ಎಂದು ತಿಳಿಯಿತು. ಅದನ್ನು ಬಿಟ್ಟು ನವೆಂಬರಿನ ಕಾರನ್ನು ಆರಿಸಿಕೊಂಡೆವು. ಜೂನಿನ ಕಾರನ್ನು ಕೊಂಡಿದ್ದರೆ ಇನ್ನೂ ಹತ್ತು ಸಾವಿರ ಇಳಿಸುತ್ತಿದ್ದರೇನೋ. ಕಾರನ್ನು ಹತ್ತು ಹನ್ನೆರಡು ವರ್ಷ ಓಡಿಸುವವರಿಗೆ ಅದೂ ಕೆಟ್ಟ ವ್ಯಾಪಾರವಲ್ಲ. ಬ್ಯಾಟರಿ, ಟೈರುಗಳನ್ನು ಸರಿಯಾಗಿ ನೋಡಿಕೊಳ್ಳಬೇಕು ಅಷ್ಟೆ.

ಚೌಕಾಸಿಯಲ್ಲಿ ಭಾವ ಗಟ್ಟಿಗರು. ಎರಡು ಗಂಟೆ ಕೂತು, ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದು, ಮ್ಯಾನೇಜರನ್ನೂ ಕರೆಸಿ, 22,000 ರೂಪಾಯಿ ಇಳಿಸಿದರು. ಅದರಲ್ಲಿ 12,000 ಕಂಪನಿಯೇ ಆ ತಿಂಗಳು ಎಲ್ಲರಿಗೂ ಕೊಡುತ್ತಿದ್ದ ಕೊಡುಗೆಯೆಂದು ಆಮೇಲೆ ತಿಳಿಯಿತು. ಉಳಿದ 10,000 ಮಾತ್ರ ಶೋರೂಮಿನ ಜೇಬಿನದು. ಅದಕ್ಕಿಂತ ಕೆಳಗೆ ಬರಲು ಮ್ಯಾನೇಜರು "ಕಂಪನಿ ಒಪ್ಪಲ್ಲ" ಎಂದದ್ದನ್ನು ನಾನು ನೆಪವೆಂದೇ ತಿಳಿದಿದ್ದೆ. ಆದರೆ ಇಂಥ ಕಟ್ಟುಪಾಡುಗಳು ಇದ್ದದ್ದುಂಟು. ಡೀಲರುಗಳು ತಮ್ಮ ಕೈಯಿಂದ ಹೆಚ್ಚಿನ ರಿಯಾಯಿತಿ ಕೊಡದಂತೆ ಕಟ್ಟುಪಾಡು ಹಾಕಿ, ಗ್ರಾಹಕರ ವೇಷದಲ್ಲಿ ಜನರನ್ನು ಕಳುಹಿಸಿ ಪರೀಕ್ಷಿಸಿ, ಮೀರಿದವರಿಗೆ ದಂಡ ಹಾಕುತ್ತಿದ್ದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು; ಕಂಪನಿ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಆದ್ದರಿಂದ ರಿಯಾಯಿತಿಯ ವಿಷಯದಲ್ಲಿ ಮಾರುವ ಹುಡುಗನ ಕೈ ನಾವು ಊಹಿಸುವುದಕ್ಕಿಂತ ಬಿಗಿಯಾಗಿಯೇ ಕಟ್ಟಿರಬಹುದು. ಅವನ ಕೈ ಸಡಿಲವಾಗಿರುವುದು ಹಾಳೆಯ ಕೆಳಗಿನ ಸಾಲುಗಳಲ್ಲಿ.

ಲಾಜಿಸ್ಟಿಕ್ಸಿನ 6,500ರಿಂದ ಆರಂಭಿಸಿದೆ. ಕಾರ್ಖಾನೆಯಿಂದ ಶೋರೂಮಿಗೆ ಕಾರು ತರುವ ವೆಚ್ಚ ಎಕ್ಸ್-ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಅದನ್ನು ಮತ್ತೊಮ್ಮೆ ವಸೂಲಿ ಮಾಡಬಾರದೆಂದು ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ಸುತ್ತೋಲೆ ಹೊರಡಿಸಿವೆ. ನಾನು ವಾದ ಮಾಡಲಿಲ್ಲ. "ಈ ಸಾಲಿಗೆ ಪ್ರತ್ಯೇಕ ರಸೀದಿ ಕೊಡಿ, ಯಾತಕ್ಕೆ ಎಂದು ಅದರಲ್ಲಿ ಬರೆದಿರಲಿ" ಎಂದೆ. ಹುಡುಗ ಒಳಗೆ ಹೋಗಿ ಬಂದವನು ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ. ಎರಡು ನಿಮಿಷದ ಕೆಲಸ. ಭಾವನ ಎರಡು ಗಂಟೆಯ ಶ್ರಮವನ್ನು ನೆನೆದು ನನಗೆ ಸ್ವಲ್ಪ ಸಂಕೋಚವೇ ಆಯಿತು.

ರಿಜಿಸ್ಟ್ರೇಷನ್ನಿನ ಸಾಲಿನಲ್ಲಿ ಎರಡು ಭಾಗಗಳಿವೆ. ಜೀವಾವಧಿ ತೆರಿಗೆಯನ್ನು ಯಾರೂ ತಪ್ಪಿಸಲಾಗದು. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಶೇ. 14, ಆ ತೆರಿಗೆಯ ಮೇಲೆ ಶೇ. 11ರ ಸೆಸ್, ಎರಡೂ ಸೇರಿ ಬೆಲೆಯ ಶೇ. 15.54. ಈ ಮೊತ್ತ ಸರಿಯಾಗಿಯೇ ಇತ್ತು. 'ಇತರೆ' ಎಂಬ 8,500ರಲ್ಲಿ ಮಾತ್ರ, ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡಿಗೆ 200, ಸಾಲದ ಕಾರಾದ್ದರಿಂದ ಬ್ಯಾಂಕಿನ ಹೆಸರು ಸೇರಿಸಲು 1,500 ಕಳೆದರೆ ಉಳಿದದ್ದು ಯಾರಿಗೆಂದು ಹೇಳುವವರಿರಲಿಲ್ಲ. ಹೊಸ ಕಾರನ್ನು ತಪಾಸಣೆಗೆಂದು ಆರ್‌ಟಿಒ ಕಚೇರಿಗೆ ಒಯ್ಯುವ ಅಗತ್ಯವೂ ಈಗಿಲ್ಲ, ಕಾಗದಪತ್ರವೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ. 3,500ಕ್ಕೆ ಒಪ್ಪಿದರು. ಉಳಿದ ಸಾವಿರ ಚಿಲ್ಲರೆಯನ್ನು ಓಡಾಟದ ಖರ್ಚೆಂದು ನಾನೂ ಒಪ್ಪಿದೆ. ಕೆಎ-13ರ ನಂಬರು ನಾಲ್ಕೇ ದಿನದಲ್ಲಿ ಬಂತೆಂಬುದನ್ನು ಅವರ ಪರವಾಗಿ ಹೇಳಬೇಕು.

ವಿಮೆಯ ಮೇಜು ಬೇರೆ. ಅಲ್ಲಿ ಕೂತಿದ್ದ ಮಹಿಳೆ ಬಹಳ ಮೃದುವಾಗಿ ಮಾತನಾಡುತ್ತಿದ್ದರು. 38,400ರ ಪಾಲಿಸಿಯನ್ನು ಒಂದು ವಾಕ್ಯದಲ್ಲಿ ವಿವರಿಸಿ ಸಹಿ ಮಾಡುವ ಜಾಗ ತೋರಿಸಿದರು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಕಡ್ಡಾಯ. 2018ರ ಸೆಪ್ಟೆಂಬರಿನಿಂದ, ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ಬಂದ ನಿಯಮವದು. ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ: 2022ರ ಜೂನ್ ದರಪಟ್ಟಿಯ ಪ್ರಕಾರ 1,000ದಿಂದ 1,500 ಸಿಸಿವರೆಗಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ ಮತ್ತು ಜಿಎಸ್‌ಟಿ. ಇದರಲ್ಲಿ ಯಾವ ಕಂಪನಿಯೂ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡುವಂತಿಲ್ಲ. ಉಳಿದ ಮೊತ್ತವೆಲ್ಲ ನಮ್ಮದೇ ಕಾರಿಗಾಗುವ ಹಾನಿಯ ವಿಮೆ ಮತ್ತು ಅದಕ್ಕೆ ಪೋಣಿಸಿದ ಜೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವುದು), ಎಂಜಿನ್ ಪ್ರೊಟೆಕ್ಷನ್, ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕೊಂಡ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್, ಕೀಲಿ ಕಳೆದರೆ ಒಂದು, ಟೈರು ಒಡೆದರೆ ಇನ್ನೊಂದು. ಕಂಪನಿಯಿಂದ ಕಂಪನಿಗೆ, ಮಾರುವವರಿಂದ ಮಾರುವವರಿಗೆ ಬದಲಾಗುವುದು ಇದೇ ಭಾಗ. ಶೋರೂಮಿಗೆ ಕಮಿಷನ್ ಬರುವುದೂ ಮುಖ್ಯವಾಗಿ ಇದರಿಂದಲೇ.

ಅದೇ ವಿಮಾ ಕಂಪನಿ, ಅದೇ 8,07,500ರ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಮೌಲ್ಯ), ಅವೇ ಜೀರೋ ಡೆಪ್ ಮತ್ತು ಎಂಜಿನ್ ಪ್ರೊಟೆಕ್ಷನ್ ಇಟ್ಟುಕೊಂಡು, ಕೀಲಿ ಮತ್ತು ಟೈರನ್ನು ಬಿಟ್ಟು, ಊರಿನ ಪರಿಚಯದ ಏಜೆಂಟರ ಬಳಿ ಕೇಳಿಸಿದಾಗ 29,700 ಎಂಬ ಲೆಕ್ಕ ಬಂತು. ಹೇಮಾವತಿ ಸೀಮೆಯಲ್ಲಿ, ಅದರಲ್ಲೂ ಭಾವನ ತೋಟದ ದಾರಿಯಲ್ಲಿ ಮಳೆಗಾಲ ಓಡಾಡುವವರಿಗೆ, ಎಂಜಿನ್ನಿಗೆ ನೀರು ನುಗ್ಗಿದರೆ ರಕ್ಷಣೆ ಕೊಡುವ ಎಂಜಿನ್ ಪ್ರೊಟೆಕ್ಷನ್ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಉಳಿತಾಯದ ಹೆಸರಿನಲ್ಲಿ ಬಿಡಬಾರದು. ಈ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸಿದಾಗ ಆ ಮಹಿಳೆ, "ಹೊರಗಡೆ ಮಾಡಿಸಿದ್ರೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗಲ್ಲ ಸಾರ್, ಆಮೇಲೆ ನಿಮಗೇ ತೊಂದರೆ" ಎಂದರು.

ಈ ಮಾತನ್ನು ನಾನು ಸುಲಭವಾಗಿ ಬಿಡಲಾರೆ. ಕ್ಯಾಶ್‌ಲೆಸ್ (ರಿಪೇರಿಯ ಹಣವನ್ನು ವಿಮಾ ಕಂಪನಿಯೇ ನೇರವಾಗಿ ವರ್ಕ್‌ಶಾಪಿಗೆ ಕೊಡುವುದು) ಸಿಗುವುದು ಬಿಡುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದವನ್ನು ಅವಲಂಬಿಸಿದೆ. ಕಂಪನಿ ಒಂದೇ ಆಗಿರುವಾಗ ಪಾಲಿಸಿಯನ್ನು ಯಾರ ಕೈಯಿಂದ ಕೊಂಡಿರಿ ಎಂಬುದು ಅದರಲ್ಲಿ ಬರುವುದಿಲ್ಲ. ವಾಹನ ಡೀಲರುಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಮಾರ್ಗಸೂಚಿ ತಂದಿದ್ದು, ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಗ್ರಾಹಕರನ್ನು ಬಲವಂತ ಮಾಡುವಂತಿಲ್ಲ ಎಂಬುದು ಅದರಲ್ಲಿದೆ. ಇಷ್ಟನ್ನು ಹೇಳಿದ ಮೇಲೆ ಮೇಜಿನ ಆಚೆಗಿದ್ದವರ ದನಿ ಬದಲಾಗಲಿಲ್ಲ, ಮೊತ್ತ ಬದಲಾಯಿತು: 31,500. ಹೊರಗಿನದಕ್ಕಿಂತ 1,800 ಹೆಚ್ಚಿದ್ದರೂ ಅಲ್ಲೇ ಮಾಡಿಸಿದೆ. ಅಪಘಾತವಾದ ದಿನ ಕಾಗದಪತ್ರ ಹಿಡಿದು ಓಡಾಡಲು ಒಬ್ಬರಿರುತ್ತಾರೆ ಎಂಬುದಕ್ಕೆ ಅಷ್ಟು ಕೊಡಬಹುದೆನಿಸಿತು. ಶೋರೂಮಿಗೂ ಅದರಿಂದ ಎರಡು ಬಗೆಯ ಲಾಭವಿದೆ: ಪ್ರತಿ ವರ್ಷ ನವೀಕರಣದ ಕಮಿಷನ್, ಮತ್ತು ಡಿಕ್ಕಿ ಹೊಡೆದ ಕಾರು ಬೇರೆ ಗ್ಯಾರೇಜಿಗೆ ಹೋಗದೆ ಅವರದೇ ಬಾಡಿ ಶಾಪಿಗೆ ಬರುವ ಖಾತರಿ. ಬಂಪರು, ಬಾಗಿಲು, ಪೇಂಟು, ಅದಕ್ಕೆ ತಗಲುವ ಲೇಬರ್ ಎಲ್ಲ ಸೇರಿದ ಒಂದು ವಿಮೆ ಬಿಲ್ಲಿನಲ್ಲಿ ಉಳಿಯುವ ಹಣ, ಅದೇ ಕಾರನ್ನು ಹೊಸದಾಗಿ ಮಾರಿದಾಗ ಉಳಿದದ್ದಕ್ಕಿಂತ ಹೆಚ್ಚಾಗುವುದು ಅಪರೂಪವೇನಲ್ಲ.

ಸಾಲದ ಮೇಜಿನಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ, ಆದರೆ ಅಲ್ಲಿಯ ಒಂದು ಮಾತನ್ನು ಬರೆಯಲೇಬೇಕು. ನನ್ನ ಸಂಬಳದ ಖಾತೆಯಿರುವ ಬ್ಯಾಂಕು ಆರು ಲಕ್ಷಕ್ಕೆ ಐದು ವರ್ಷದ ಅವಧಿಗೆ ಶೇ. 9ರ ದರ ಹೇಳಿತ್ತು, ಕಂತು 12,455. ಶೋರೂಮಿನಲ್ಲಿ ಕೂತಿದ್ದ ಫೈನಾನ್ಸಿನವರು, "ಅಷ್ಟೆಲ್ಲ ಯಾಕೆ ಸಾರ್, ನಮ್ಮಲ್ಲಿ ಫ್ಲ್ಯಾಟ್ ಐದು ಪರ್ಸೆಂಟ್" ಎಂದರು. ಭಾವನ ಕಣ್ಣರಳಿತು. ಫ್ಲ್ಯಾಟ್ ಎಂದರೆ ಐದು ವರ್ಷವೂ ಪೂರ್ತಿ ಆರು ಲಕ್ಷದ ಮೇಲೆಯೇ ಬಡ್ಡಿ. ನೀವು ತೀರಿಸಿದ ಅಸಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಕ್ಕೆ 30,000ದಂತೆ ಒಂದೂವರೆ ಲಕ್ಷ ಬಡ್ಡಿ, ಕಂತು 12,500. ಬ್ಯಾಂಕಿನ ಒಂಬತ್ತಕ್ಕಿಂತ ಶೋರೂಮಿನ ಐದು ದುಬಾರಿ! ಇದನ್ನು ನಾನು ಬಿಡಿಸಿ ಹೇಳಿದಾಗ ಅವರು ಅದನ್ನು ಬಿಟ್ಟು ಶೇ. 9.5ರ ಇಳಿಕೆ ಬಡ್ಡಿಯ, ಅಂದರೆ ಬ್ಯಾಂಕಿನಂತೆ ಉಳಿದ ಅಸಲಿನ ಮೇಲೆ ಮಾತ್ರ ಹಾಕುವ ಬಡ್ಡಿಯ, ಮಾತೆತ್ತಿದರು. ಅರ್ಧ ಪರ್ಸೆಂಟ್ ತಾನೇ ಎನಿಸುತ್ತದೆ. ಕಂತು 12,601 ಆಗಿ, ಅರವತ್ತು ತಿಂಗಳಲ್ಲಿ ಸುಮಾರು 8,760 ರೂಪಾಯಿ ಹೆಚ್ಚಾಗುತ್ತದೆ. ಸಾಲ ಕೊಡಿಸಿದ್ದಕ್ಕೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಶೋರೂಮಿಗೆ ಸಾಲದ ಮೊತ್ತದ ಮೇಲೆ ಇಂತಿಷ್ಟು ಎಂದು ಕಮಿಷನ್ ಕೊಡುತ್ತವೆ. ಪೂರ್ತಿ ಹಣ ಕೊಟ್ಟು ಕಾರು ಕೊಳ್ಳುತ್ತೇನೆ ಎನ್ನುವವರಿಗೆ ಶೋರೂಮಿನಲ್ಲಿ ನಿರೀಕ್ಷಿಸಿದಷ್ಟು ಮರ್ಯಾದೆ ಸಿಗದಿರುವುದಕ್ಕೆ ಕಾರಣ ಇದು. ನಮ್ಮ ಕಡೆಯ ಹಿರಿಯ ಬೆಳೆಗಾರರು ಕಾಫಿ ಮಾರಿದ ದುಡ್ಡನ್ನು ಒಂದೇ ಚೆಕ್ಕಿನಲ್ಲಿ ಕೊಟ್ಟು, ಅದಕ್ಕೆ ವಿಶೇಷ ರಿಯಾಯಿತಿ ಬೇಕೆಂದು ಪಟ್ಟು ಹಿಡಿಯುತ್ತಾರೆ. ಆ ಚೆಕ್ಕಿನಿಂದ ಶೋರೂಮಿಗೆ ಬರುವುದು ಕಮಿಷನ್ ಇಲ್ಲದ ವ್ಯಾಪಾರ.

ಬೆಳೆಗಾರರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹತ್ತು ಲಕ್ಷ ಮೀರಿದ ಕಾರಿಗೆ ಶೋರೂಮಿನವರು ಶೇ. 1ರ ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ವಸೂಲಿ ಮಾಡುತ್ತಾರೆ. ಅದು ಶೋರೂಮಿನ ಲಾಭವಲ್ಲ, ಆದಾಯ ತೆರಿಗೆ ಇಲಾಖೆಯಲ್ಲಿ ನಮ್ಮ ಹೆಸರಿಗೆ ಜಮೆಯಾಗುವ ಹಣ. ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಕೃಷಿ ಆದಾಯ ಮಾತ್ರ ಇರುವವರು ರಿಟರ್ನ್ಸ್ ಹಾಕುವ ಗೊಡವೆಗೇ ಹೋಗದೆ ಆ ಹಣವನ್ನು ಅಲ್ಲೇ ಬಿಡುತ್ತಾರೆ. ಇಪ್ಪತ್ತು ಲಕ್ಷದ ಜೀಪಿಗೆ ಇಪ್ಪತ್ತು ಸಾವಿರ. ಮೂರು ವರ್ಷದ ಹಿಂದೆ ಭಾವ ಬಿಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಅದು ಅವರಿಗೆ ಗೊತ್ತಾದದ್ದು ಆ ದಿನ ಆ ಮೇಜಿನ ಮುಂದೆ.

ಬೇಸಿಕ್ ಕಿಟ್ ಎಂಬುದರ ಒಳಗೆ ಏನಿದೆಯೆಂದು ಕೇಳಿದ್ದಕ್ಕೆ ಒಂದು ಹಾಳೆ ಬಂತು: ಫ್ಲೋರ್ ಮ್ಯಾಟ್, ಮಡ್ ಫ್ಲಾಪ್, ಸೀಟ್ ಕವರ್, ಬಾಗಿಲಿನ ಬೀಡಿಂಗ್, ಕ್ರೋಮ್ ಪಟ್ಟಿ, ಸ್ಟೀರಿಂಗ್ ಕವರ್, ಅಂಡರ್‌ಬಾಡಿ ಕೋಟಿಂಗ್, ಪರ್ಫ್ಯೂಮ್, ಒಂದು ಸಣ್ಣ ಗಣಪತಿ. ಇಂಥ ಸಾಮಾನುಗಳಲ್ಲಿ ಕಾರಿನ ಮಾರ್ಜಿನ್ನಿಗಿಂತ ಹಲವು ಪಟ್ಟು ಹೆಚ್ಚು ಉಳಿಯುತ್ತದೆ. ಹುಡುಗನ ಇನ್ಸೆಂಟಿವ್ ಕೂಡ ಕಾರಿನ ಜೊತೆಗೆ ಎಷ್ಟು ಸಾಮಾನು ಮಾರಿದ ಎಂಬುದರ ಮೇಲೆ ನಿಂತಿದೆಯೆಂದು ಅವನೇ ಹೇಳಿದ. ಸೀಟ್ ಕವರಿಗೆ ಅಲ್ಲಿ 9,500. ಸಂತೆಪೇಟೆ ಕಡೆಯ ಅಂಗಡಿಯಲ್ಲಿ ಅದೇ ತರದ್ದನ್ನು 5,500ಕ್ಕೆ ಎದುರಿಗೇ ಹೊಲಿದು ಹಾಕಿಸಿಕೊಂಡೆ. ಕೋಟಿಂಗಿನ ವಿಷಯದಲ್ಲಿ "ನಮ್ಮ ಮಲೆನಾಡ ಮಳೆಗೆ ಬೇಕಾಗುತ್ತೆ ಸಾರ್" ಎಂದು ಒತ್ತಾಯ ಮಾಡಿದರು. ಹಾಗಾದರೆ ಕಾರ್ಖಾನೆಯವರು ತುಕ್ಕಿಗೆ ವಾರಂಟಿ ಕೊಡುವುದಿಲ್ಲವೇ ಎಂದು ಕೇಳಿದಾಗ ಮಾತು ಬೇರೆ ಕಡೆಗೆ ಹೊರಳಿತು. ಮ್ಯಾಟ್ ಮತ್ತು ಮಡ್ ಫ್ಲಾಪ್ ಮಾತ್ರ ಸಾಕೆಂದೆ, 3,200. ಕಿಟ್ ಪೂರ್ತಿ ತೆಗೆದುಕೊಳ್ಳದಿದ್ದರೆ ಡೆಲಿವರಿ ತಡವಾಗಬಹುದು ಎಂಬ ಒಂದು ಮಾತನ್ನು ತೇಲಿಬಿಟ್ಟರು. ತಡವಾಗಲಿಲ್ಲ.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ಮರುಮಾತಿಲ್ಲದೆ ತೆಗೆದುಕೊಂಡೆ. ಅದರಲ್ಲೂ ಅವರಿಗೆ ಕಮಿಷನ್ ಇದೆ, ಇರಲಿ. ಈಗಿನ ಕಾರುಗಳಲ್ಲಿ ಕೆಡುವ ಎಲೆಕ್ಟ್ರಾನಿಕ್ ಭಾಗವೊಂದರ ಬೆಲೆ ವಾರಂಟಿಯ ಇಡೀ ಮೊತ್ತವನ್ನು ಮೀರಬಹುದು.

ಹಳೆಯ ಕಾರಿನ ಎಕ್ಸ್‌ಚೇಂಜ್ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ನನ್ನ 2014ರ ಕಾರಿಗೆ 1,60,000, ಮೇಲೆ ಬೋನಸ್ 20,000 ಎಂದರು. ಚನ್ನರಾಯಪಟ್ಟಣದ ಪರಿಚಯದವರೊಬ್ಬರು ಅದನ್ನು 2,05,000ಕ್ಕೆ ಕೊಂಡರು. ಬೋನಸ್ ಎಂಬ ಪದದಲ್ಲಿ ಅಡಗಿರುವ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು.

ಕೊನೆಗೆ ಕೊಟ್ಟದ್ದು 10,13,690 ರೂಪಾಯಿ. ಮೊದಲ ಹಾಳೆಗಿಂತ 62,100 ಕಡಿಮೆ. ಅದರಲ್ಲಿ ಭಾವನ ಚೌಕಾಸಿಯಿಂದ ಇಳಿದದ್ದು 22,000. ಉಳಿದ 40,100 ಯಾವ ಚೌಕಾಸಿಯೂ ಇಲ್ಲದೆ, ಪ್ರತಿ ಸಾಲಿಗೂ 'ಇದು ಏನು, ಯಾರಿಗೆ' ಎಂದು ಕೇಳಿದ್ದರಿಂದ ಇಳಿಯಿತು. ಭಾವ ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ತಾವು ಮೊದಲು ಬಗ್ಗಿಸಿಟ್ಟದ್ದರಿಂದಲೇ ಉಳಿದದ್ದೆಲ್ಲ ಬಗ್ಗಿತು ಎಂಬುದು ಅವರ ವಾದ.

ಡೆಲಿವರಿಯ ದಿನದ ಸತ್ಕಾರಕ್ಕೆ ಕೊರತೆಯಿರಲಿಲ್ಲ. ಕಾರಿಗೆ ಕೆಂಪು ಸ್ಯಾಟಿನ್ ಬಟ್ಟೆ ಹೊದಿಸಿದ್ದರು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು, ಅಕ್ಕನ ಕೈಯಲ್ಲಿ ಆರತಿ ತಟ್ಟೆ, ಮೊಣಕೈ ಉದ್ದದ ರಟ್ಟಿನ ಕೀಲಿ ಹಿಡಿದು ಫೋಟೊ. ಎಲ್ಲ ಮುಗಿದ ಮೇಲೆ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಕಂಪನಿಯಿಂದ ಫೋನ್ ಬರುತ್ತೆ. ಹತ್ತಕ್ಕೆ ಹತ್ತು ಅನ್ನಿ ಸಾರ್, ಒಂಬತ್ತು ಅಂದ್ರೂ ನಮಗೆ ಕಟ್ ಆಗುತ್ತೆ" ಎಂದ. ಗ್ರಾಹಕರ ಈ ಅಂಕಗಳ ಮೇಲೆಯೂ ಡೀಲರಿಗೆ ಕಂಪನಿಯಿಂದ ಬರುವ ಹಣ ನಿಂತಿರುತ್ತದೆ. ಫೋನು ಬಂದಾಗ ಹುಡುಗನಿಗೆ ಹತ್ತು ಕೊಟ್ಟೆ, ಕೊಟೇಶನ್ನಿನ ಸ್ಪಷ್ಟತೆಗೆ ಆರು. ಮರುದಿನ ಶೋರೂಮಿನಿಂದ ಮೂರು ಕರೆಗಳು ಬಂದವು. ಕಾರು ಕೊಳ್ಳುವಾಗಲೂ ಅಷ್ಟು ಕರೆಗಳು ಬಂದಿರಲಿಲ್ಲ.

ಇನ್ನು ಸರ್ವಿಸ್. ಕಾರು ಮಾರಿದ್ದರಲ್ಲಿ ಒಂದು ಸಲ ಲಾಭ; ಸರ್ವಿಸಿನಲ್ಲಿ ಕಾರು ಇರುವಷ್ಟು ವರ್ಷವೂ ಲಾಭ. ಒಂದು ಶೋರೂಂ ಗಟ್ಟಿಯಾಗಿದೆಯೇ ಎಂಬುದನ್ನು ಆ ವ್ಯವಹಾರದವರು ಅಳೆಯುವುದೇ, ಸರ್ವಿಸ್ ಮತ್ತು ಬಿಡಿಭಾಗಗಳಲ್ಲಿ ಉಳಿದದ್ದು ಕಟ್ಟಡ, ಸಂಬಳಗಳ ಖರ್ಚನ್ನು ಎಷ್ಟರಮಟ್ಟಿಗೆ ತುಂಬುತ್ತದೆ ಎಂಬುದರಿಂದ. ಮೊದಲ ಮೂರು ಸರ್ವಿಸುಗಳು ಉಚಿತವೆಂದಿದ್ದರೂ ಉಚಿತವಾಗಿರುವುದು ಲೇಬರ್ ಮಾತ್ರ, ಅದನ್ನೂ ಕಂಪನಿ ಡೀಲರಿಗೆ ತುಂಬಿಕೊಡುತ್ತದೆ. ಆಯಿಲ್, ಫಿಲ್ಟರ್, ಇತರ ಸಾಮಗ್ರಿ ನಮ್ಮ ಖರ್ಚು. ಸಾವಿರ ಕಿಲೋಮೀಟರಿನ ಮೊದಲ ಸರ್ವಿಸಿನಲ್ಲಿ ತೊಳೆದು ನೋಡಿ ಕಳುಹಿಸಿದರು. ಎರಡನೆಯದರಲ್ಲಿ, ಐದು ಸಾವಿರ ಕಿಲೋಮೀಟರ್ ಆಗಿದ್ದ ಕಾರಿನ ಜಾಬ್ ಕಾರ್ಡಿನಲ್ಲಿ ಸರ್ವಿಸ್ ಅಡ್ವೈಸರ್ ಬರೆದದ್ದನ್ನು ಓದಿದೆ: ಎಸಿ ಡಿಸ್‌ಇನ್‌ಫೆಕ್ಷನ್, ಎಂಜಿನ್ ಡ್ರೆಸ್ಸಿಂಗ್, ಇಂಟೀರಿಯರ್ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಅಂದಾಜು 5,900. ಕಾರಿನ ಜೊತೆ ಕೊಟ್ಟಿದ್ದ ಓನರ್ಸ್ ಮ್ಯಾನ್ಯುಯಲ್ಲನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು, ಐದು ಸಾವಿರಕ್ಕೆ ಅದರಲ್ಲಿ ಹೇಳಿದ್ದನ್ನು ಮಾತ್ರ ಮಾಡಿ ಎಂದೆ. ಅಡ್ವೈಸರ್ ಬೇಸರಿಸಿಕೊಳ್ಳದೆ ಐದು ಸಾಲು ಹೊಡೆದ. ವೀಲ್ ಅಲೈನ್‌ಮೆಂಟ್ ಮಾತ್ರ ನಾನೇ ಉಳಿಸಿಕೊಂಡೆ, ಏಕೆಂದರೆ ಬೇಲೂರು ರಸ್ತೆಯ ಗುಂಡಿಯೊಂದರ ನಂತರ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಬಿಲ್ 780 ರೂಪಾಯಿ ಆಯಿತು. ಕೆಲಸ ಅಚ್ಚುಕಟ್ಟಾಗಿತ್ತು, ಹೇಳಿದ ನಾಲ್ಕು ಗಂಟೆಗೆ ಕಾರು ಸಿದ್ಧವಿತ್ತು, ಎಳೆತ ನಿಂತಿತ್ತು.

ಹಾಗಾಗಿ ಈ ಶೋರೂಮಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ವರ್ಕ್‌ಶಾಪಿಗೆ ನಾಲ್ಕೂವರೆ ಕೊಡಬಲ್ಲೆ. ವಿಮೆ, ಸಾಲದ ಮೇಜುಗಳಿಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಹೊಡೆದ ಸಾಲನ್ನು ಬೇರೆ ಹೆಸರಿನಲ್ಲಿ ಮತ್ತೆ ತೂರಿಸಲಿಲ್ಲ, ಬುಕಿಂಗಿಗೆ ಕೊಟ್ಟ ಅಡ್ವಾನ್ಸನ್ನು ಸರಿಯಾಗಿ ವಜಾ ಮಾಡಿದರು. ಅದೇ ರಸ್ತೆಯ ಇನ್ನೊಂದು ಕಡೆ ಲಾಜಿಸ್ಟಿಕ್ಸ್ ಸಾಲಿನ ಬಗ್ಗೆ ಕೇಳಿದ್ದಕ್ಕೆ ಹಾಳೆಯನ್ನೇ ವಾಪಸ್ ಕಿತ್ತುಕೊಂಡಿದ್ದರು. ಆ ಆಲೂರಿನ ಹುಡುಗ ಈಗ ಅಲ್ಲಿಲ್ಲ. ಸರ್ವಿಸಿಗೆ ಹೋದಾಗ ವಿಚಾರಿಸಿದೆ. ಮಾರ್ಚ್ ತಿಂಗಳ ಗುರಿಗೆ ಮೂರು ಕಾರು ಕಡಿಮೆ ಬಿದ್ದವಂತೆ.